ಮನೆಯಲ್ಲಿ ಕಟ್ಟಿದ ಆಡಿಯೋ ಸರ್ಕ್ಯೂಟಿಗೆ ಕಡಿಮೆ ಖರ್ಚಿನಲ್ಲಿ 19 ಇಂಚಿನ ರ‍್ಯಾಕ್ ಪೆಟ್ಟಿಗೆ

ಬೋರ್ಡು ತಯಾರಾಗಿದೆ, ಟೇಬಲ್ಲಿನ ಮೇಲೆ ಚೆನ್ನಾಗಿಯೇ ಹಾಡುತ್ತಿದೆ, ಆದರೆ ಪೆಟ್ಟಿಗೆ ಎಲ್ಲಿ ಸಿಗುತ್ತದೆ? ಪ್ರೀಆಂಪ್, ಕ್ರಾಸ್‌ಓವರ್, ಹೆಡ್‌ಫೋನ್ ಆಂಪ್, ಮೈಕ್ ಮಿಕ್ಸರ್ ಏನೇ ಕಟ್ಟಿದವರಿಗೂ ಕೊನೆಯಲ್ಲಿ ಕಾಡುವ ಪ್ರಶ್ನೆ ಇದೇ. ವಿದೇಶಿ ಕಂಪನಿಗಳ ರೆಡಿಮೇಡ್ ಪೆಟ್ಟಿಗೆಯ ಬೆಲೆ ನೋಡಿದರೆ ಒಳಗಿನ ಎಲ್ಲ ಬಿಡಿಭಾಗಗಳಿಗೂ ಸೇರಿ ಅಷ್ಟು ಖರ್ಚಾಗಿರುವುದಿಲ್ಲ.

ಹುಡುಕುವುದಕ್ಕೆ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ರ‍್ಯಾಕ್ ಎಂದರೆ ಉಪಕರಣಗಳನ್ನು ಒಂದರ ಮೇಲೊಂದು ಸ್ಕ್ರೂ ಹಾಕಿ ನಿಲ್ಲಿಸುವ ಕಂಬಗಳ ಚೌಕಟ್ಟು. ರ‍್ಯಾಕಿನ ಅಳತೆಯ ನಿಯಮಗಳೆಲ್ಲ ಮುಖ್ಯವಾಗಿ ಮುಂದಿನ ಫಲಕಕ್ಕೆ ಸಂಬಂಧಿಸಿದವು. ಹಿಂದಿರುವ ಡಬ್ಬಿ ಯಾವ ಆಕಾರದಲ್ಲಿದ್ದರೂ ರ‍್ಯಾಕಿಗೆ ಚಿಂತೆಯಿಲ್ಲ, ಎರಡು ಕಂಬಗಳ ನಡುವೆ ತೂರಿದರೆ ಸಾಕು. ಹಾಗಾಗಿ "19 ಇಂಚಿನ ಪೆಟ್ಟಿಗೆ" ಎಂದು ಒಂದೇ ವಸ್ತುವನ್ನು ಹುಡುಕಬೇಡಿ. ಅಗ್ಗದ ಡಬ್ಬಿ ಒಂದು, ಸರಿಯಾಗಿ ಕತ್ತರಿಸಿದ ಫಲಕ ಒಂದು ಎಂದು ಎರಡು ಬೇರೆ ವಸ್ತುಗಳಾಗಿ ಯೋಚಿಸಿ. ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುವ ದಾರಿಗಳೆಲ್ಲ ಅಲ್ಲಿಂದಲೇ ತೆರೆದುಕೊಳ್ಳುತ್ತವೆ.

1. ಅಳತೆಗಳನ್ನು ಬರೆದಿಟ್ಟುಕೊಳ್ಳಿ

ಫಲಕದ ಒಟ್ಟು ಅಗಲ 482.6 ಮಿಮೀ, ಅಂದರೆ 19 ಇಂಚು. ಎರಡೂ ತುದಿಯಲ್ಲಿ ಸ್ಕ್ರೂ ಹಾಕಲು ಡಬ್ಬಿಯಿಂದ ಆಚೆ ಚಾಚಿರುವ ಭಾಗವನ್ನು ಕಿವಿ ಎನ್ನುತ್ತಾರೆ. ಎಡಕಿವಿಯ ತೂತಿನ ಮಧ್ಯದಿಂದ ಬಲಕಿವಿಯ ತೂತಿನ ಮಧ್ಯಕ್ಕೆ 465.1 ಮಿಮೀ. ಕಂಬಗಳ ನಡುವಿನ ಬಾಯಿ ಸುಮಾರು 450 ಮಿಮೀ. ಆದ್ದರಿಂದ ಡಬ್ಬಿಯ ಅಗಲ, ಪಕ್ಕದ ಸ್ಕ್ರೂ ತಲೆಗಳನ್ನೂ ಸೇರಿಸಿ, 440 ಮಿಮೀ ದಾಟದಿರಲಿ. 430-435 ಇದ್ದರೆ ನೆಮ್ಮದಿ.

ಎತ್ತರವನ್ನು "ಯು" ಎಂಬ ಘಟಕದಲ್ಲಿ ಹೇಳುತ್ತಾರೆ. 1ಯು ಅಂದರೆ 44.45 ಮಿಮೀ. ಆದರೆ ಫಲಕವನ್ನು ಅಷ್ಟೇ ಎತ್ತರಕ್ಕೆ ಕತ್ತರಿಸಿದರೆ ಮೇಲಿನ, ಕೆಳಗಿನ ಉಪಕರಣಗಳಿಗೆ ಉಜ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಸುಮಾರು 0.8 ಮಿಮೀ ಕಡಿಮೆ ಇರಬೇಕು: 1ಯು ಫಲಕ 43.6, 2ಯು ಫಲಕ 88.1, 3ಯು ಫಲಕ 132.5 ಮಿಮೀ. ಫ್ಯಾಬ್ರಿಕೇಶನ್‌ನವರಿಗೆ ಬಾಯಲ್ಲಿ "2ಯು" ಎಂದಷ್ಟೇ ಹೇಳಿದರೆ 88.9 ಎಂದು ಲೆಕ್ಕ ಹಾಕಿ ಕತ್ತರಿಸಿಬಿಡುವ ಸಂಭವವಿದೆ. ಸಂಖ್ಯೆಯನ್ನೇ ಬರೆದು ಕೊಡಿ.

ಕಿವಿಯ ತೂತುಗಳು ಗುಂಡಗಿರಬಾರದು. ಅಡ್ಡಕ್ಕೆ ಉದ್ದವಾಗಿರಬೇಕು, ಸುಮಾರು 10 ಮಿಮೀ ಅಗಲ, 7 ಮಿಮೀ ಎತ್ತರ. ತೂತಿನ ಮಧ್ಯ ಫಲಕದ ಪಕ್ಕದ ಅಂಚಿನಿಂದ 8.75 ಮಿಮೀ, ಮೇಲಿನ ಹಾಗೂ ಕೆಳಗಿನ ಅಂಚಿನಿಂದ ಸುಮಾರು 5.95 ಮಿಮೀ ಒಳಗೆ. 1ಯು ಫಲಕದಲ್ಲಿ ಒಂದೇ ಕಿವಿಯ ಎರಡು ತೂತುಗಳ ಮಧ್ಯದ ಅಂತರ 31.75, 2ಯು ಫಲಕದಲ್ಲಿ 76.2 ಮಿಮೀ ಬರುತ್ತದೆ. ಅಡ್ಡಕ್ಕೆ ಉದ್ದ ಇಡುವುದು ಏಕೆಂದರೆ ಎಲ್ಲ ರ‍್ಯಾಕುಗಳೂ ಒಂದೇ ನಿಖರತೆಯಲ್ಲಿ ಜೋಡಣೆಯಾಗಿರುವುದಿಲ್ಲ. ಗುಂಡನೆಯ ತೂತು ಒಂದು ರ‍್ಯಾಕಿಗೆ ಕೂತು ಇನ್ನೊಂದಕ್ಕೆ ಕೂರುವುದಿಲ್ಲ.

ರ‍್ಯಾಕಿನ ಆಳವನ್ನು ಅಳೆಯದೆ ಡಬ್ಬಿ ಕೊಳ್ಳಬೇಡಿ. ಗೋಡೆಗೆ ಹಾಕುವ ನೆಟ್‌ವರ್ಕ್ ರ‍್ಯಾಕುಗಳ ಆಳ ಸಾಮಾನ್ಯವಾಗಿ 450ರಿಂದ 600 ಮಿಮೀ. ಡಬ್ಬಿಯ ಹಿಂದೆ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್ಲಿನ ಮೂರು ಪಿನ್ನಿನ) ಪ್ಲಗ್, ಅದರ ಕೇಬಲ್ ಬಾಗುವ ಜಾಗ ಎಲ್ಲ ಸೇರಿ 80 ಮಿಮೀಯಷ್ಟಾದರೂ ಬೇಕು. ಪ್ರೀಆಂಪ್‌ಗೆ 200-250 ಮಿಮೀ ಆಳ ಧಾರಾಳ.

2. ಎತ್ತರ ನಿರ್ಧರಿಸಿ

ಎಲ್ಲರಿಗೂ 1ಯು ಆಸೆ. ನೋಡಲು ಚೆಂದ, ಜಾಗವೂ ಕಡಿಮೆ. ಆದರೆ ತಗಡಿನ ದಪ್ಪ ಕಳೆದರೆ ಒಳಗೆ ಉಳಿಯುವುದು 40 ಮಿಮೀ ಮಾತ್ರ. ಬೋರ್ಡನ್ನು ಎತ್ತರಿಸುವ ಸ್ಟ್ಯಾಂಡ್‌ಆಫ್‌ಗೆ ಸುಮಾರು 8, ಬೋರ್ಡಿನ ದಪ್ಪ 1.6. ಮೇಲೆ ಮುಚ್ಚಳಕ್ಕೆ ತಗುಲದಂತೆ 3 ಮಿಮೀ ಬಿಟ್ಟರೆ ಬಿಡಿಭಾಗಗಳಿಗೆ ಸಿಗುವುದು 27 ಮಿಮೀ. ಉದ್ದನೆಯ ಕೆಪಾಸಿಟರ್‌ಗಳು ಅಲ್ಲಿ ನಿಲ್ಲುವುದಿಲ್ಲ.

ನಿರ್ಧರಿಸುವುದು ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್. ಉಂಗುರದ ಆಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ನಲ್ಲಿ 30 ವಿಎ (ವೋಲ್ಟ್-ಆಂಪಿಯರ್, ಅದರ ಸಾಮರ್ಥ್ಯದ ಅಳತೆ) 1ಯುನಲ್ಲಿ ಬಿಗಿಯಾಗಿ ಕೂರಬಹುದು, 50 ವಿಎ ಕೂರುವುದು ಅನುಮಾನ. 300 ವಿಎ ಕೊಂಡವರು 1ಯು ಆಸೆ ಬಿಟ್ಟು 2ಯುಗೆ ಬರಬೇಕು. ಅದಕ್ಕಿಂತ ದೊಡ್ಡದಕ್ಕೆ ಮಾಡಿಕೊಡುವವರ ಹತ್ತಿರ ಎತ್ತರ ಕೇಳಿ, ಮೇಲಿನ ಕೆಳಗಿನ ರಬ್ಬರ್ ಬಿಲ್ಲೆ, ಒತ್ತುವ ತಟ್ಟೆ, ನಟ್ಟು ಇವನ್ನೂ ಸೇರಿಸಿ ಕೂಡಿ. ಈ ಮೂರು ಸೇರಿ ಹತ್ತು ಮಿಮೀ ತಿನ್ನುವುದನ್ನು ಮರೆತೇ ಬಹಳಷ್ಟು ಪೆಟ್ಟಿಗೆಗಳ ಮುಚ್ಚಳ ಮುಚ್ಚದೆ ಉಳಿಯುವುದು.

ಹೆಚ್ಚು ಬಿಸಿಯಾಗುವ ಎಬಿ ಕ್ಲಾಸಿನ ಪವರ್ ಆಂಪ್ ಆದರೆ ಹೀಟ್‌ಸಿಂಕ್ ಸಲುವಾಗಿ 2ಯು ಅಥವಾ 3ಯು ಇಟ್ಟುಕೊಳ್ಳಿ. ಮನೆ ಬಳಕೆಗೆ ಫ್ಯಾನಿನ ಸದ್ದು ಬೇಡವೆಂದಾದರೆ 3ಯು. ಕಡಿಮೆ ಬಿಸಿಯಾಗುವ ಡಿ ಕ್ಲಾಸ್ ಬೋರ್ಡು ಮತ್ತು ತೆಳ್ಳನೆಯ ಸ್ವಿಚಿಂಗ್ ಸಪ್ಲೈ ಸೇರಿಸಿ 1ಯುನಲ್ಲಿ ಮಾಡಬಹುದು.

3. ಡಬ್ಬಿ ಹುಡುಕುವ ಜಾಗಗಳು

ಹಳೆಯ ನೆಟ್‌ವರ್ಕ್ ಸ್ವಿಚ್. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಇದನ್ನೇ. ಕಚೇರಿಗಳು ಬದಲಾಯಿಸಿ ಎಸೆದ 24 ಪೋರ್ಟಿನ ಸ್ವಿಚ್ಚುಗಳು ಬೆಂಗಳೂರಿನ ಎಸ್‌ಪಿ ರೋಡ್ ಆಸುಪಾಸಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ, ಸಂಡೇ ಬಜಾರಿನಲ್ಲಿ, ಊರೂರಿನ ಗುಜರಿಗಳಲ್ಲಿ ಸಿಗುತ್ತವೆ. ಕೆಟ್ಟಿರುವುದನ್ನೇ ಕೇಳಿ. ಕೆಲಸ ಮಾಡುವುದಕ್ಕೆ ಬೆಲೆಯಿದೆ, ಕೆಟ್ಟಿದ್ದಕ್ಕೆ ತೂಕದ ಲೆಕ್ಕ. ಗಟ್ಟಿ ಉಕ್ಕಿನ ಡಬ್ಬಿ, ಗಾಳಿಕಿಂಡಿ, ಹಿಂದೆ ಪವರ್ ಸಾಕೆಟ್, ಕೆಲವೊಮ್ಮೆ ಕಿವಿಗಳು ಕೂಡ ಅದರ ಜೊತೆಗೇ ಬರುತ್ತವೆ. ಆಳ ಸಾಮಾನ್ಯವಾಗಿ 200ರಿಂದ 300 ಮಿಮೀ ಇರುವುದರಿಂದ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮುಂದಿನ ಪೋರ್ಟುಗಳ ಕಿಂಡಿ ನೋಡಿ ಹಿಂಜರಿಯಬೇಡಿ, ಅದರ ಮೇಲೆ ಹೊಸ ಫಲಕ ಬರುತ್ತದೆ.

ಕೊಳ್ಳುವ ಮುನ್ನ ಮೂರು ವಿಷಯ ನೋಡಿ. ಮುಚ್ಚಳ ತೆಗೆಯಲು ಸ್ಕ್ರೂ ಇರಬೇಕು, ರಿವೆಟ್ ಹೊಡೆದಿರಬಾರದು. ತಳದಲ್ಲಿ ತುಕ್ಕು ಇರಬಾರದು. ಡಬ್ಬಿಯನ್ನು ಸಮತಟ್ಟಾದ ನೆಲದ ಮೇಲಿಟ್ಟರೆ ಅಲ್ಲಾಡಬಾರದು, ಅಲ್ಲಾಡಿದರೆ ಯಾರೋ ಬೀಳಿಸಿದ್ದಾರೆ ಎಂದರ್ಥ.

ಇಲ್ಲೊಂದು ಎಚ್ಚರಿಕೆ. ಒಳಗಿನ ಹಳೆಯ ಪವರ್ ಸಪ್ಲೈನಲ್ಲಿ 400 ವೋಲ್ಟಿನ ದಪ್ಪ ಕೆಪಾಸಿಟರ್ ಇರುತ್ತದೆ. 230 ವೋಲ್ಟ್ ಮೇನ್ಸಿನಿಂದ ಅದರಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ. ಅಂಗಡಿಯವರು ಆಗತಾನೆ ಚಾಲೂ ಮಾಡಿ ನೋಡಿದ್ದರೆ ಪ್ಲಗ್ ತೆಗೆದ ಮೇಲೂ ಅದು ಉಳಿದಿರಬಹುದು. ಕೈ ಹಾಕುವ ಮೊದಲು ಮೀಟರಿನಲ್ಲಿ ನೋಡಿ, ವೋಲ್ಟೇಜ್ ಇದ್ದರೆ 10 ಕಿಲೋಓಮ್, 5 ವಾಟ್ ರೆಸಿಸ್ಟರನ್ನು ಇನ್ಸುಲೇಟ್ ಆದ ತಂತಿಯಲ್ಲಿ ಜೋಡಿಸಿ ಖಾಲಿ ಮಾಡಿ, ಮತ್ತೊಮ್ಮೆ ಅಳೆಯಿರಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಾಳಿ ಬೇಡ.

ಹಳೆಯ ಡಿವಿಡಿ ಪ್ಲೇಯರ್, ವಿಸಿಆರ್, ಡಿವಿಆರ್. ಮನೆಯ ಹೈಫೈ ಸಾಮಾನುಗಳ ಪೂರ್ಣ ಅಗಲ ಬಹುತೇಕ 430 ಮಿಮೀ. ರ‍್ಯಾಕಿನ ಬಾಯಿಯೊಳಗೆ ತೂರುವ ಅಳತೆ ಅದು! ಪ್ಲಾಸ್ಟಿಕ್ ಮುಖ ಕಳಚಿ ಆ ಜಾಗಕ್ಕೆ 19 ಇಂಚಿನ ಅಲ್ಯೂಮಿನಿಯಂ ಫಲಕ ಕೂರಿಸಿದರೆ ರ‍್ಯಾಕ್ ಪೆಟ್ಟಿಗೆ ಸಿದ್ಧ. ಆದರೆ ಇವುಗಳ ತಗಡು ತೆಳು, ಹೆಚ್ಚಾಗಿ 1 ಮಿಮೀಗೂ ಕಡಿಮೆ. ಪ್ರೀಆಂಪ್, ಡ್ಯಾಕ್ (ಡಿಜಿಟಲ್ ಸಂಕೇತವನ್ನು ಆಡಿಯೋಗೆ ಬದಲಿಸುವ ಸಾಧನ), ಕ್ರಾಸ್‌ಓವರ್‌ಗೆ ಮಾತ್ರ ಬಳಸಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸಿದರೆ ತಳ ಜೋತುಬೀಳುತ್ತದೆ.

ರ‍್ಯಾಕ್ ಶೆಲ್ಫ್, ಅಂದರೆ ಕಿವಿಗಳಿರುವ ತಟ್ಟೆ. ನೆಟ್‌ವರ್ಕ್ ಸಾಮಾನು ಮಾರುವ ಎಲ್ಲ ಅಂಗಡಿಯಲ್ಲೂ 1ಯು, 2ಯು ಶೆಲ್ಫ್ ಇರುತ್ತದೆ. ನಿಮ್ಮ ಹತ್ತಿರ ಈಗಾಗಲೇ ಯಾವುದೋ ಪುಟ್ಟ ಅಲ್ಯೂಮಿನಿಯಂ ಡಬ್ಬಿ ಇದ್ದರೆ ಅದನ್ನು ಶೆಲ್ಫಿಗೆ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿಯಿರಿ, ಮುಂದೆ ಒಂದು ಬ್ಲ್ಯಾಂಕ್ ಪ್ಯಾನೆಲ್ (ತೂತಿಲ್ಲದ ಮುಚ್ಚುಫಲಕ) ಹಾಕಿ ನಾಬ್‌ಗಳಿಗೆ ತೂತು ಕೊರೆಯಿರಿ. ಇದಕ್ಕಿಂತ ಸುಲಭದ ದಾರಿಯಿಲ್ಲ. ಎರಡು ಮೂರು ಸಣ್ಣ ಉಪಕರಣಗಳನ್ನು ಒಂದೇ ಶೆಲ್ಫಿನಲ್ಲಿ ಪಕ್ಕಪಕ್ಕ ಕೂರಿಸುವವರಿಗೂ ಇದೇ ಒಳ್ಳೆಯದು.

ಆಂಪ್ಲಿಫೈಯರಿನ ಖಾಲಿ ಕ್ಯಾಬಿನೆಟ್. ಮೈಕ್ ಸೆಟ್, ಡಿಜೆಯವರಿಗೆ ಸ್ಥಳೀಯವಾಗಿ ಆಂಪ್ ಕಟ್ಟಿಕೊಡುವವರು ಬಳಸುವ ಖಾಲಿ ಕ್ಯಾಬಿನೆಟ್ ಎಸ್‌ಪಿ ರೋಡಿನಲ್ಲಿ, ಚೆನ್ನೈನ ರಿಚಿ ಸ್ಟ್ರೀಟಿನಲ್ಲಿ, ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ, ದೆಹಲಿಯ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಪವರ್ ಆಂಪ್ ಕಟ್ಟುವವರಿಗೆ ಹೀಟ್‌ಸಿಂಕ್, ಫ್ಯಾನ್ ಜಾಗ, ಹಿಡಿಕೆ ಎಲ್ಲ ಒಟ್ಟಿಗೆ ಸಿಗುವುದು ದೊಡ್ಡ ಅನುಕೂಲ. ಟೇಪ್ ಮಾತ್ರ ಜೇಬಿನಲ್ಲಿರಲಿ. "ರ‍್ಯಾಕ್ ಟೈಪ್" ಎಂದು ಮಾರುವ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಕಿವಿ ಬರೀ ಅಲಂಕಾರಕ್ಕಿರುತ್ತದೆ. ಅಗಲ 482 ಇರುವುದಿಲ್ಲ ಅಥವಾ ತೂತುಗಳ ಅಂತರ ಹೊಂದುವುದಿಲ್ಲ. 465ರ ಅಳತೆ ಒಂದನ್ನು ನೋಡಿದರೆ ಗೊತ್ತಾಗುತ್ತದೆ.

ಕೆನಡಾ ಮೂಲದ ಹ್ಯಾಮಂಡ್, ಇಟಲಿಯ ಮೋಡುಶಾಪ್ ಮುಂತಾದವರ ರೆಡಿಮೇಡ್ ಪೆಟ್ಟಿಗೆಗಳು ನಿಜಕ್ಕೂ ಸೊಗಸಾಗಿವೆ. ಯುರೋಪು, ಅಮೆರಿಕದಲ್ಲಿರುವ ಓದುಗರು ಅವನ್ನೇ ತರಿಸಿಕೊಳ್ಳುವುದು ಸಲೀಸು. ಭಾರತಕ್ಕೆ ತರಿಸಿದರೆ ತೂಕಕ್ಕೆ ಸಾಗಣೆ, ಅದರ ಮೇಲೆ ಸುಂಕ ಸೇರಿ ಅಗ್ಗ ಎನ್ನುವ ಮಾತೇ ಉಳಿಯುವುದಿಲ್ಲ.

4. ಫಲಕ: ದುಡ್ಡು ಹಾಕಬೇಕಾದ ಜಾಗ ಇದೇ

ಕಣ್ಣಿಗೆ ಕಾಣುವುದೂ, ಭಾರ ಹೊರುವುದೂ ಫಲಕವೇ. 3 ಮಿಮೀ ಅಲ್ಯೂಮಿನಿಯಂ ಎಲ್ಲ ರೀತಿಯಿಂದಲೂ ಸರಿ. 2 ಮಿಮೀ ಬಾಗುತ್ತದೆ. 5 ಮಿಮೀ ಗಂಭೀರವಾಗಿ ಕಾಣುತ್ತದೆ ನಿಜ, ಆದರೆ ವಾಲ್ಯೂಮ್ ಕಂಟ್ರೋಲಿನ ಮರೆ (ನಟ್ಟು ಹಿಡಿಯುವ ಥ್ರೆಡ್) ಇರುವ ಕತ್ತು ಸಾಮಾನ್ಯವಾಗಿ 6-8 ಮಿಮೀ ಉದ್ದ ಮಾತ್ರ. ಅದು 5 ಮಿಮೀ ದಾಟಿ, ವಾಷರೂ ದಾಟಿದ ಮೇಲೆ ನಟ್ಟಿಗೆ ಹಿಡಿಯಲು ಮರೆ ಉಳಿಯುವುದಿಲ್ಲ.

ಲೇಸರ್ ಕಟಿಂಗ್ ಮಾಡುವವರು ಪೀಣ್ಯದಲ್ಲಿ ಬೀದಿಬೀದಿಗೂ ಇದ್ದಾರೆ. ಮೈಸೂರಿನ ಹೆಬ್ಬಾಳ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶಗಳಲ್ಲೂ ವಿಚಾರಿಸಬಹುದು. ಅವರಿಗೆ ಬೇಕಾದ್ದು ಡಿಎಕ್ಸ್‌ಎಫ್ ಫೈಲು, ಅಂದರೆ ಗೆರೆಗಳಷ್ಟೇ ಇರುವ ನಕ್ಷೆ. ಲಿಬ್ರೆಕ್ಯಾಡ್, ಇಂಕ್‌ಸ್ಕೇಪ್, ಫ್ರೀಕ್ಯಾಡ್ ಎಂಬ ಉಚಿತ ತಂತ್ರಾಂಶಗಳಲ್ಲಿ ಬರೆಯಬಹುದು. ಕೆಡುವುದು ಸಾಮಾನ್ಯವಾಗಿ ಇಲ್ಲಿ:

ಘಟಕ ಮಿಲಿಮೀಟರ್ ಎಂದು ಹೇಳದೆ ಕಳಿಸಿದರೆ ಅವರ ಯಂತ್ರ ಇಂಚೆಂದು ಓದಿ ಎಲ್ಲವೂ 25.4 ಪಟ್ಟು ಆಗುತ್ತದೆ. ನಕ್ಷೆಯ ಜೊತೆ ಒಟ್ಟು ಅಗಲ 482.6 ಎಂದು ಬರೆದು ಕಳಿಸಿದರೆ ಅವರೇ ಪರೀಕ್ಷಿಸಿಕೊಳ್ಳುತ್ತಾರೆ. ಒಂದೇ ಗೆರೆ ಎರಡು ಸಲ ಮೇಲೆ ಮೇಲೆ ಬಿದ್ದಿದ್ದರೆ ಯಂತ್ರ ಎರಡು ಸಲ ಕತ್ತರಿಸುತ್ತದೆ, ಅಂಚು ಕರಗಿ ಹಾಳಾಗುತ್ತದೆ. ತೂತಿನ ಗೆರೆ ಪೂರ್ತಿ ಸುತ್ತಿ ಮುಚ್ಚಿರಬೇಕು. ತಗಡಿನ ದಪ್ಪಕ್ಕಿಂತ ಚಿಕ್ಕ ತೂತು ನೀಟಾಗಿ ಬರುವುದಿಲ್ಲ. 3 ಮಿಮೀ ಎಲ್‌ಇಡಿಗೆ 3 ಮಿಮೀ ಫಲಕದಲ್ಲಿ ತೂತು ಬೇಕಿದ್ದರೆ ಗುರುತು ಮಾತ್ರ ಹಾಕಿಸಿ ಆಮೇಲೆ ಡ್ರಿಲ್ ಮಾಡಿ. ಲೇಸರಿನ ಕಿರಣ ತಿನ್ನುವ ಅಗಲವನ್ನು ಅವರು ಸರಿದೂಗಿಸಿಕೊಳ್ಳುತ್ತಾರೆ, ನೀವು ನಿಜವಾದ ಅಳತೆಯನ್ನೇ ಬರೆಯಿರಿ.

ತೂತುಗಳ ಅಳತೆ: 16 ಮಿಮೀ ಪೊಟೆನ್ಶಿಯೋಮೀಟರಿಗೆ (ವಾಲ್ಯೂಮ್ ಕಂಟ್ರೋಲ್) ಸಾಮಾನ್ಯವಾಗಿ 7ಕ್ಕೆ ಸ್ವಲ್ಪ ಮೇಲೆ, ಪುಟ್ಟ ಟಾಗಲ್ ಸ್ವಿಚ್ಚಿಗೆ 6.5, ಕಾಲಿಂಚಿನ ಜ್ಯಾಕಿಗೆ 9.5 ಅಥವಾ 10, ಎಕ್ಸ್‌ಎಲ್‌ಆರ್‌ನ ಡಿ ಮಾದರಿಗೆ 24 ಮಿಮೀ ಗುಂಡು ಮತ್ತು ಕರ್ಣದಲ್ಲಿ ಎರಡು ಸ್ಕ್ರೂ ತೂತು, ಅಡ್ಡಕ್ಕೆ 19, ಉದ್ದಕ್ಕೆ 24 ಮಿಮೀ ಅಂತರ. ಡಿ ಮಾದರಿಯ ಮುಖ 26×31 ಮಿಮೀ ಇರುವುದರಿಂದ 1ಯುನಲ್ಲೂ ಕೂರುತ್ತದೆ. ಆದರೂ ಬಿಡಿಭಾಗ ಕೈಗೆ ಬರುವ ಮುನ್ನ ಫಲಕ ಕತ್ತರಿಸಲು ಕೊಡಬೇಡಿ. ವರ್ನಿಯರ್‌ನಲ್ಲಿ ಅಳೆದು, ನಕ್ಷೆಯನ್ನು ಕಾಗದದ ಮೇಲೆ ಶೇಕಡಾ 100ರ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿ, ಎಲ್ಲವನ್ನೂ ಅದರಲ್ಲಿ ತೂರಿಸಿ ನೋಡಿ. ನಾಬ್ ಹಾಕಿದ ಮೇಲೆ ಪಕ್ಕದ ನಾಬಿಗೆ ಬೆರಳು ತಾಗುತ್ತದೆಯೇ ಎಂಬುದು ರಟ್ಟಿನಲ್ಲೇ ತಿಳಿಯುತ್ತದೆ.

ಲೇಸರ್ ಸಿಗದ ಊರಿನಲ್ಲಿದ್ದೀರಾ? ಅಂಗಡಿಯ ಉಕ್ಕಿನ ಬ್ಲ್ಯಾಂಕ್ ಪ್ಯಾನೆಲ್ ಕೊಂಡು ಸ್ಟೆಪ್ ಡ್ರಿಲ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಡ್ರಿಲ್ ಬಿಟ್, ಬಳಸಿ. ಪಂಚ್ ಹೊಡೆದು ಗುರುತು ಮಾಡದೆ ಡ್ರಿಲ್ ಇಟ್ಟರೆ ಬಿಟ್ ಜಾರಿ ಬಣ್ಣದ ಮೇಲೆ ಗೀರು ಬೀಳುತ್ತದೆ. ಫಲಕವನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ದೊಡ್ಡ ತೂತಿನಲ್ಲಿ ಬಿಟ್ ಕಚ್ಚಿದರೆ ತಗಡೇ ಗಿರ‍್ರನೆ ತಿರುಗಿ ಕೈ ಕೊಯ್ಯುತ್ತದೆ. ಮರದ ತುಂಡಿನ ಮೇಲಿಟ್ಟು ಕ್ಲ್ಯಾಂಪ್ ಹಾಕಿ.

5. ಡಬ್ಬಿಯನ್ನೇ ಮಾಡಿಸುವುದಾದರೆ

ಖರ್ಚು ಯಾವುದಕ್ಕೆ ಎಂಬುದನ್ನು ತಿಳಿದುಕೊಳ್ಳಿ. 435×250×88 ಮಿಮೀ ಅಳತೆಯ 2ಯು ಡಬ್ಬಿಗೆ ಬೇಕಾಗುವ ತಗಡು ಸುಮಾರು 0.35 ಚದರ ಮೀಟರ್. 1.2 ಮಿಮೀ ಉಕ್ಕಿನಲ್ಲಿ ಅದು 3 ಕೆಜಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಲೋಹದ ಬೆಲೆ ಹೆಚ್ಚಲ್ಲ ಎಂದಾಯಿತು. ದುಡ್ಡು ಹೋಗುವುದು ಯಂತ್ರ ಸಿದ್ಧಪಡಿಸುವ ಸಮಯಕ್ಕೆ, ಪ್ರತಿ ಮಡಿಕೆಗೆ, ವೆಲ್ಡಿಂಗಿಗೆ. ಆದ್ದರಿಂದ ಮಡಿಕೆ ಕಡಿಮೆ ಇರುವ, ವೆಲ್ಡಿಂಗ್ ಬೇಡದ ವಿನ್ಯಾಸ ಮಾಡಿ, ಒಂದರ ಬದಲು ನಾಲ್ಕು ಮಾಡಿಸಿ. ಗೆಳೆಯರು ಸೇರಿ ಒಂದೇ ಅಳತೆಯ ಡಬ್ಬಿ ಒಪ್ಪಿಕೊಂಡು ಫಲಕ ಮಾತ್ರ ಬೇರೆ ಬೇರೆ ಮಾಡಿಸಿಕೊಂಡರೆ ತಲಾ ಖರ್ಚು ಬಹಳ ಇಳಿಯುತ್ತದೆ.

ಎರಡೇ ತುಂಡಿನ ವಿನ್ಯಾಸ ಸಾಕು. ಒಂದು ತುಂಡು ತಳ: ಅದರ ಮುಂದಿನ, ಹಿಂದಿನ ಅಂಚು ಮೇಲಕ್ಕೆ ಮಡಿಸಿ ಮುಂಗೋಡೆ, ಹಿಂಗೋಡೆ ಆಗುತ್ತದೆ. ಇನ್ನೊಂದು ತುಂಡು ಮುಚ್ಚಳ: ಅದರ ಎಡಬಲ ಕೆಳಕ್ಕೆ ಮಡಿಸಿ ಪಕ್ಕದ ಗೋಡೆಗಳಾಗುತ್ತವೆ. ಸ್ಕ್ರೂ ಹಾಕಲು ಅಂಚುಗಳಲ್ಲಿ 12 ಮಿಮೀ ತುಟಿ ಬಿಡಿ. ಅಲ್ಯೂಮಿನಿಯಂ ಫಲಕ ಮುಂಗೋಡೆಗೆ ಕೂರುತ್ತದೆ.

ಹೇಳಲೇಬೇಕಾದ ವಿವರಗಳು: "1.2 ಮಿಮೀ, ಅಂದರೆ 18 ಗೇಜ್ ಸಿಆರ್ ಶೀಟ್" (ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ಎಂದು ಸ್ಪಷ್ಟವಾಗಿ ಹೇಳಿ. 5 ಕೆಜಿಗಿಂತ ಭಾರದ ಒಡಲಿಗೆ 1.6 ಮಿಮೀ, ಅಂದರೆ 16 ಗೇಜ್. ಅಳತೆಗಳು ಹೊರ ಅಳತೆಗಳೇ, ಒಳ ಅಳತೆಗಳೇ ಎಂದು ನಕ್ಷೆಯ ಮೇಲೆಯೇ ಬರೆಯಿರಿ. ತಗಡು ಮಡಿಸುವಾಗ ಹಿಗ್ಗುತ್ತದೆ. 1.2 ಮಿಮೀ ತಗಡಿನ ಪ್ರತಿ 90 ಡಿಗ್ರಿ ಮಡಿಕೆಗೆ ಹೊರ ಅಳತೆಗಳ ಮೊತ್ತದಿಂದ ಸುಮಾರು 2 ಮಿಮೀ ಕಳೆಯಬೇಕು. ಆ ಲೆಕ್ಕವನ್ನು ಅವರ ಯಂತ್ರಕ್ಕೆ ತಕ್ಕಂತೆ ಅವರೇ ಮಾಡಲಿ. ನೀವೂ ಕಳೆದು, ಅವರೂ ಕಳೆದರೆ ಡಬ್ಬಿ 4 ಮಿಮೀ ಚಿಕ್ಕದಾಗಿ ಮುಚ್ಚಳ ಕೂರುವುದಿಲ್ಲ. ಮಡಿಕೆಯ ಗೆರೆಗೆ 5 ಮಿಮೀಗಿಂತ ಹತ್ತಿರ ತೂತು ಇಡಬೇಡಿ, ಮಡಿಸುವಾಗ ಅದು ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ.

1.2 ಮಿಮೀ ತಗಡಿನಲ್ಲೇ ಎಂ3 ಮರೆ ಕೊರೆಸಿದರೆ ಸಿಗುವುದು ಎರಡು ಸುತ್ತು ಮಾತ್ರ, ನಾಲ್ಕು ಸಲ ಬಿಚ್ಚಿ ಹಾಕಿದರೆ ಕಿತ್ತುಬರುತ್ತದೆ. ತಗಡಿಗೆ ಒತ್ತಿ ಕೂರಿಸುವ ಕ್ಲಿಂಚ್ ನಟ್ ಅಥವಾ ರಿವೆಟ್ ನಟ್ ಹಾಕಿಸಿ. 3 ಮಿಮೀ ಅಲ್ಯೂಮಿನಿಯಂ ಫಲಕದಲ್ಲಾದರೆ 2.5 ಮಿಮೀ ತೂತು ಕೊರೆದು ನೇರವಾಗಿ ಎಂ3 ಟ್ಯಾಪ್ ಹೊಡೆಯಬಹುದು.

ಹಿಂಗೋಡೆಯ ಪವರ್ ಸಾಕೆಟ್ ಸ್ಕ್ರೂ ಹಾಕುವ ಬಗೆಯದಾಗಿರಲಿ. ಒತ್ತಿದರೆ ಕೂರುವ ಬಗೆಯ ಸಾಕೆಟ್ ನಿರ್ದಿಷ್ಟ ದಪ್ಪದ ತಗಡಿಗೆ ಮಾತ್ರ ಹಿಡಿಯುತ್ತದೆ. ತಪ್ಪು ದಪ್ಪ ಸಿಕ್ಕರೆ ಕೇಬಲ್ ಎಳೆದಾಗ ಸಾಕೆಟ್ಟೇ ಕೈಗೆ ಬರುತ್ತದೆ, 230 ವೋಲ್ಟಿನ ತಂತಿಗಳ ಸಮೇತ.

ಪೌಡರ್ ಕೋಟಿಂಗಿನ (ಪುಡಿ ಬಣ್ಣದ ಲೇಪದ) ದಪ್ಪ 60ರಿಂದ 80 ಮೈಕ್ರಾನ್, ಪ್ರತಿ ತೂತೂ 0.15 ಮಿಮೀಯಷ್ಟು ಕಿರಿದಾಗುತ್ತದೆ. ಬಿಗಿ ಅಳತೆಯ ತೂತುಗಳಿಗೆ ಮೊದಲೇ 0.2 ಹೆಚ್ಚಿಡಿ. ಮರೆಗಳಿಗೆ ಮತ್ತು ಅರ್ಥಿಂಗ್ ಜಾಗಕ್ಕೆ ಟೇಪ್ ಅಂಟಿಸಿ ಕಳಿಸಿ.

6. ಒಳಗೆ ಏನು ಎಲ್ಲಿ

ಟ್ರಾನ್ಸ್‌ಫಾರ್ಮರ್ ಒಂದು ಮೂಲೆ, ಇನ್‌ಪುಟ್ ಸಾಕೆಟ್‌ಗಳು ಎದುರಿನ ಮೂಲೆ. 1ಯು ಪ್ರೀಆಂಪ್‌ನಲ್ಲಿ ಹಮ್, ಅಂದರೆ ಗುಂಯ್ ಎನ್ನುವ ಸದ್ದು, ಬರುತ್ತಿದೆ ಎಂದು ಸರ್ಕ್ಯೂಟನ್ನು ಬೈಯುವ ಮೊದಲು ಈ ಅಂತರ ನೋಡಿ. ಅಲ್ಯೂಮಿನಿಯಂ ಗೋಡೆ 50 ಹರ್ಟ್ಸಿನ ಅಯಸ್ಕಾಂತ ಕ್ಷೇತ್ರವನ್ನು ತಡೆಯುವುದಿಲ್ಲ, ಉಕ್ಕು ಒಂದಿಷ್ಟು ತಡೆಯುತ್ತದೆ. ಟ್ರಾನ್ಸ್‌ಫಾರ್ಮರಿಗೂ ಬೋರ್ಡಿಗೂ ನಡುವೆ ಎಲ್ ಆಕಾರದ ಉಕ್ಕಿನ ತಗಡು ನಿಲ್ಲಿಸುವುದು ಅಗ್ಗದ ಉಪಾಯ. ಟೊರಾಯ್ಡ್ ಆದರೆ ಬೋಲ್ಟ್ ಸಡಿಲಿಸಿ ನಿಧಾನವಾಗಿ ತಿರುಗಿಸುತ್ತಾ ಹೋದರೆ ಹಮ್ ತೀರಾ ಕಡಿಮೆಯಾಗುವ ಒಂದು ಕೋನ ಸಿಗುತ್ತದೆ. ತಿರುಗಿಸುವಾಗಲೆಲ್ಲ ಪ್ಲಗ್ ಹೊರಗಿರಲಿ.

ಟೊರಾಯ್ಡ್ ಹಾಕುವವರು ಇದನ್ನು ಎರಡು ಸಲ ಓದಿ. ನಡುವಿನ ಬೋಲ್ಟಿನ ಕೆಳತುದಿ ತಳಕ್ಕೆ ಬಿಗಿದಿರುತ್ತದೆ. ಅದರ ಮೇಲ್ತುದಿ ಮುಚ್ಚಳಕ್ಕೆ ತಾಗಿದರೆ ಬೋಲ್ಟ್, ಮುಚ್ಚಳ, ಪಕ್ಕದ ಗೋಡೆ, ತಳ ಸೇರಿ ಟ್ರಾನ್ಸ್‌ಫಾರ್ಮರಿನ ಸುತ್ತ ಒಂದು ಪೂರ್ತಿ ಸುತ್ತು ತಂತಿಯಂತಾಗುತ್ತದೆ. ಆ ಶಾರ್ಟ್ ಆದ ಸುತ್ತಿನಲ್ಲಿ ಭಾರಿ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ, ಫ್ಯೂಸ್ ದೊಡ್ಡದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಮುಚ್ಚಳ ತೆಗೆದಾಗ ಎಲ್ಲ ಸರಿ, ಮುಚ್ಚಿದರೆ ಫ್ಯೂಸ್ ಹಾರುತ್ತದೆ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ. ಬೋಲ್ಟ್ ತುದಿಗೂ ಮುಚ್ಚಳಕ್ಕೂ 5 ಮಿಮೀಯಾದರೂ ಇರಲಿ. ರ‍್ಯಾಕಿನಲ್ಲಿ ಮೇಲೆ ಭಾರದ ಉಪಕರಣ ಕೂತರೆ ಮುಚ್ಚಳ ಬಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಭಾರ ಎಲ್ಲಿದೆ ಎಂಬುದು ಇನ್ನೊಂದು ಮಾತು. ಮುಂದಿನ ಕಿವಿಗಳಷ್ಟೇ ಹೊರುವ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಹಿಂದಿದ್ದರೆ ಫಲಕ ಬಾಗಿ ಹಿಂಬದಿ ಜೋಲುತ್ತದೆ. ಭಾರವನ್ನು ಫಲಕದ ಹತ್ತಿರ ತನ್ನಿ. ಒಟ್ಟು 4-5 ಕೆಜಿ ದಾಟಿದರೆ ರ‍್ಯಾಕಿನಲ್ಲಿ ಪಕ್ಕದ ಎಲ್ ಆಂಗಲ್ ಅಥವಾ ಕೆಳಗೊಂದು ಶೆಲ್ಫ್ ಹಾಕಿ. ಯಕ್ಷಗಾನದ ಮೇಳ, ಜಾತ್ರೆ, ನಾಟಕ ಎಂದು ಟೆಂಪೋದಲ್ಲಿ ಊರೂರು ಸುತ್ತುವ ರ‍್ಯಾಕ್ ಆದರೆ ಭಾರ ಎಷ್ಟೇ ಇರಲಿ, ಹಿಂದೆಯೂ ಆಸರೆ ಬೇಕೇ ಬೇಕು. ಎಲ್ಲ ನಟ್ಟುಗಳಿಗೂ ನೈಲಾನ್ ಲಾಕ್ ನಟ್ ಬಳಸಿ.

7. ಅರ್ಥಿಂಗ್

ಲೋಹದ ಪೆಟ್ಟಿಗೆಗೆ ಮೇನ್ಸ್ ಬಂದ ಮೇಲೆ ಅರ್ಥ್ ಕಡ್ಡಾಯ. ಪವರ್ ಸಾಕೆಟ್ಟಿನ ಪಕ್ಕದಲ್ಲೇ ಅದಕ್ಕೆಂದೇ ಒಂದು ಎಂ4 ಬೋಲ್ಟ್ ಇರಲಿ, ಟ್ರಾನ್ಸ್‌ಫಾರ್ಮರಿನ ಅಥವಾ ಬೋರ್ಡಿನ ಬೋಲ್ಟನ್ನು ಇದಕ್ಕೆ ಬಳಸಬೇಡಿ. ಸುತ್ತಲಿನ ಬಣ್ಣವನ್ನು ಬರಿ ಲೋಹ ಹೊಳೆಯುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ. ಹಸಿರು-ಹಳದಿ ತಂತಿಗೆ ಕ್ರಿಂಪ್ ಮಾಡಿದ ರಿಂಗ್ ಲಗ್, ಅದರ ಕೆಳಗೆ ಹಲ್ಲಿರುವ ಸ್ಟಾರ್ ವಾಷರ್, ಮೇಲೆ ನಟ್ಟು, ಅದರ ಮೇಲೆ ಬಿಗಿಯಲು ಇನ್ನೊಂದು ನಟ್ಟು. ಈ ತಂತಿ ಉಳಿದೆರಡಕ್ಕಿಂತ ಉದ್ದವಿರಲಿ, ಏನಾದರೂ ಎಳೆದು ಕಿತ್ತರೆ ಕೊನೆಗೆ ಕೀಳುವುದು ಇದಾಗಬೇಕು.

ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಬರಿ ಲೋಹದಂತೆ ಕಂಡರೂ ಅದರ ಮೇಲ್ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಪೌಡರ್ ಕೋಟಿಂಗೂ ಹಾಗೆಯೇ. ಫಲಕ, ತಳ, ಮುಚ್ಚಳ ಮೂರೂ ಒಂದಕ್ಕೊಂದು ನಿಜವಾಗಿ ಜೋಡಣೆಯಾಗಿವೆಯೇ ಎಂದು ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಪ್ರತಿಯೊಂದಕ್ಕೂ ಮೀಟರಿನಲ್ಲಿ ಅಳೆಯಿರಿ. ಮೀಟರಿನ ತಂತಿಗಳ ರೆಸಿಸ್ಟೆನ್ಸ್ ಕಳೆದರೆ 0.1 ಓಮಿನ ಸುತ್ತಮುತ್ತ ಬರಬೇಕು.

ಫ್ಯೂಸು ಫೇಸ್ ತಂತಿಯಲ್ಲಿರಲಿ. ಟೊರಾಯ್ಡ್ ಚಾಲೂ ಆಗುವಾಗ ಒಮ್ಮೆಲೇ ಕರೆಂಟ್ ಎಳೆಯುವುದರಿಂದ ನಿಧಾನವಾಗಿ ಹೋಗುವ, ಟಿ ಗುರುತಿನ ಫ್ಯೂಸ್ ಬೇಕು. ಮೇನ್ಸ್ ಬರುವ ಎಲ್ಲ ತುದಿಗಳಿಗೂ ಹೀಟ್‌ಶ್ರಿಂಕ್ ಕೊಳವೆ ಹಾಕಿ. 230 ವೋಲ್ಟಿನ ಕೆಲಸ ಹೊಸದಾದರೆ ಈ ಹಂತವನ್ನು ಬಲ್ಲ ಎಲೆಕ್ಟ್ರಿಷಿಯನ್ ಎದುರಿಗೇ ಮಾಡಿ.

8. ಅಕ್ಷರಗಳು

ಎಲೆಕ್ಟ್ರಿಕಲ್ ಕಂಟ್ರೋಲ್ ಪ್ಯಾನೆಲ್‌ಗಳಿಗೆ ಟ್ರಾಫೋಲೈಟ್ ಪಟ್ಟಿ, ಅಂದರೆ ಕಪ್ಪು ಪದರ ಕೆತ್ತಿದರೆ ಬಿಳಿ ಅಕ್ಷರ ಕಾಣುವ ಪ್ಲಾಸ್ಟಿಕ್ ಹಾಳೆ, ಮಾಡಿಕೊಡುವವರು ಎಲ್ಲ ಕೈಗಾರಿಕಾ ಪ್ರದೇಶದಲ್ಲೂ ಇರುತ್ತಾರೆ. ಕೈ ಉಜ್ಜಿ ಅಳಿಸಿಹೋಗದ, ಕಡಿಮೆ ಖರ್ಚಿನ ದಾರಿ ಇದು. ಕನ್ನಡದ ಅಕ್ಷರ ಬೇಕಿದ್ದರೆ ಫಾಂಟನ್ನು ಗೆರೆಗಳಾಗಿ ಬದಲಿಸಿ ಕಳಿಸಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

9. ರ‍್ಯಾಕಿಗೆ ಏರಿಸುವ ಮುನ್ನ

ಮೊದಲ ಸಲ ನೇರ ಮೇನ್ಸ್ ಕೊಡಬೇಡಿ. ರಿಪೇರಿಯವರು ಬಳಸುವ ಸೀರೀಸ್ ಬೋರ್ಡಿನಲ್ಲಿ 60 ಅಥವಾ 100 ವಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ ಅದರ ಮೂಲಕ ಕೊಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಮುಚ್ಚಳ ತೆಗೆದು ಒಮ್ಮೆ, ಸ್ಕ್ರೂ ಎಲ್ಲ ಬಿಗಿದು ಮುಚ್ಚಿ ಇನ್ನೊಮ್ಮೆ ಪರೀಕ್ಷಿಸಿ.

ನಂತರ ಮುಚ್ಚಿದ ಸ್ಥಿತಿಯಲ್ಲೇ ಎರಡು ಗಂಟೆ ನುಡಿಸಿ. ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡಿರಲು ಆಗದಷ್ಟು ಬಿಸಿಯಾದರೆ ಗಾಳಿಕಿಂಡಿ ಸಾಲದು. ತಳದಲ್ಲಿ ಒಂದು ಸಾಲು, ಮುಚ್ಚಳದ ಹಿಂಭಾಗದಲ್ಲಿ ಒಂದು ಸಾಲು ಕಿಂಡಿ ಬೇಕು. ಬರೀ ಮೇಲೆ ಕೊರೆದರೆ ಒಳಬರುವ ಗಾಳಿಗೆ ದಾರಿಯಿರುವುದಿಲ್ಲ. ರ‍್ಯಾಕಿನಲ್ಲಿ ಬಿಸಿಯಾಗುವ ಪೆಟ್ಟಿಗೆಯ ಮೇಲೆ 1ಯು ಜಾಗ ಖಾಲಿ ಬಿಟ್ಟು ಕಿಂಡಿಯಿರುವ ಬ್ಲ್ಯಾಂಕ್ ಪ್ಯಾನೆಲ್ ಹಾಕಿ.

ಸ್ಕ್ರೂಗಳ ಬಗ್ಗೆ ಕೊನೆಯದಾಗಿ ಒಂದು ಮಾತು. ಭಾರತದಲ್ಲಿ ಸಿಗುವ ನೆಟ್‌ವರ್ಕ್ ರ‍್ಯಾಕಿಗೆ ಎಂ6 ಸ್ಕ್ರೂ, ಚೌಕದ ತೂತಿಗೆ ಸಿಕ್ಕಿಸುವ ಕೇಜ್ ನಟ್ ಬೇಕು. ಅಮೆರಿಕದ ಆಡಿಯೋ ರ‍್ಯಾಕುಗಳಲ್ಲಿ 10-32 ಮರೆ ಇರುತ್ತದೆ, ಅದಕ್ಕೆ ಎಂ6 ತುರುಕಿದರೆ ಮರೆ ಹಾಳು. ಮೊದಲು ಕೆಳಗಿನ ಎರಡು ಸ್ಕ್ರೂಗಳನ್ನು ಅರ್ಧ ಬಿಗಿದು ಪೆಟ್ಟಿಗೆಯನ್ನು ಕೂರಿಸಿ, ಆಮೇಲೆ ಮೇಲಿನವನ್ನು ಹಾಕಿ, ನಾಲ್ಕನ್ನೂ ಒಟ್ಟಿಗೆ ಬಿಗಿಯಿರಿ. ಬಣ್ಣ ಕೀಳದಿರಲು ಸ್ಕ್ರೂ ತಲೆಯ ಕೆಳಗೆ ಪ್ಲಾಸ್ಟಿಕ್ ಕಪ್ ವಾಷರ್ ಇರಲಿ.